ತಮ್ಮನ ಗಾಡಿಗೆ ಎರಡೇ ಬೆಲ್ಟು

ಸೂರ್ಯ ಇನ್ನೂ ಮೇಲೇರಿಲ್ಲ. ಟ್ರೇಲರ್ ಮೇಲೆ ನಿಂತ ಬೈಕಿನ ಹ್ಯಾಂಡಲ್ ಹಿಡಿದು ಬೆಲ್ಟಣ್ಣ ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾರೆ. ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗಿದ್ದೇ ತಡ, ಬೆಲ್ಟ್ ಎಳೆದು ಬಿಗಿಯುತ್ತಾರೆ. ಮುಂದೆ ಎರಡು, ಹಿಂದೆ ಎರಡು. ಬಣ್ಣ ಕೆರೆಯದಂತೆ ಕೊಕ್ಕೆಯಡಿ ಹಳೇ ಬಟ್ಟೆ. ಕೊನೆಗೆ ಸೀಟು ಹಿಡಿದು ಜಗ್ಗುತ್ತಾರೆ. ಬೈಕಿನ ಜೊತೆ ಟ್ರೇಲರೂ ಅಲ್ಲಾಡಿದರೆ ಬಿಗಿ ಸರಿ.

"ಶಾಕ್ ಪೂರ್ತಿ ಕುಗ್ಗಿಸಿದ್ರೆ ಅದರ ಸೀಲ್ ಹೋಗಿ ಎಣ್ಣೆ ಕಾರುತ್ತೆ ಮೇಡಂ. ಸಡಿಲ ಬಿಟ್ರೆ ಮೊದಲನೇ ಗುಂಡಿಗೇ ಕೊಕ್ಕೆ ಕಳಚಿಕೊಳ್ಳುತ್ತೆ."

ಸೈಡ್ ಸ್ಟ್ಯಾಂಡ್ ಹಾಕಿ ಎರಡೇ ಬೆಲ್ಟು ಕಟ್ಟಿದರೆ ಸಾಲದೇ ಎನ್ನುತ್ತೇನೆ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು. ಯಾಕಾದರೂ ಕೇಳಿದೆನೋ! ಅವರ ಕೈ ನಿಲ್ಲುತ್ತದೆ.

"ಹಾಗೂ ಕಟ್ಟಿದ್ದೆ, ಒಂದೇ ಸಲ. ನನ್ನ ತಮ್ಮನ ಗಾಡಿ."

ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು, ಬೈಕುಗಳನ್ನು ಊರೂರಿಗೆ ಒಯ್ಯುವ ಈ ಸಾಗಣೆ ಅಂಗಳ ಸೇರಿದವರು ಬೆಲ್ಟಣ್ಣ. ಇದೇ ದುಡಿಮೆಯಲ್ಲಿ ತಮ್ಮನನ್ನು ಮೆಕ್ಯಾನಿಕ್ ಮಾಡಿದರು. ದಿನಕ್ಕೆ ಏಳೆಂಟು ಬೈಕು ಕಟ್ಟುವ ಬೆರಳುಗಳು ಸಂಜೆಗೆ ಮಡಚಲು ಬರುವುದಿಲ್ಲ. ತಟ್ಟೆಯಲ್ಲಿ ಅನ್ನ ಕಲಸಿಕೊಡುವುದು ಹೆಂಡತಿ. "ಮದುವೇಲಿ ಇಷ್ಟು ಸೇವೆ ಮಾಡಿಸ್ಕೊಂಡಿರ್ಲಿಲ್ಲ," ಎಂದು ಆಕೆ ಕಾಲೆಳೆಯುತ್ತಾರೆ.

ಆ ತಮ್ಮ ಗುಜರಿಯಿಂದ ಒಂದೊಂದೇ ಭಾಗ ಆರಿಸಿ ಹಳೇ ಬೈಕೊಂದನ್ನು ಜೋಡಿಸಿ ನಿಲ್ಲಿಸಿದ್ದರು. ಪಕ್ಕದೂರಿನ ಪ್ರದರ್ಶನಕ್ಕೆ ಅದನ್ನು ಒಯ್ಯಬೇಕಿತ್ತು.

"ಗಿರಾಕಿಗಳು ಕಾಯ್ತಿದ್ರು, ಬೆಲ್ಟು ಅವರಿಗೆ ಬೇಕಿತ್ತು. ಮನೆ ಗಾಡಿ ತಾನೇ, ನಡೆಯುತ್ತೆ ಅಂದ್ಕೊಂಡೆ. 'ಅಣ್ಣಾ, ಇನ್ನೆರಡು ಹಾಕೋ' ಅಂದ. 'ಸುಮ್ನಿರೋ, ನಂಗೇ ಹೇಳಿಕೊಡ್ತೀಯಾ' ಅಂದೆ. ಅಯ್ಯೋ, ಆ ಮಾತು ಯಾಕಾದ್ರೂ ಬಂತೋ!"

ತಿರುವಿನಲ್ಲಿ ಬೈಕು ಮಗುಚಿತು. ಟ್ಯಾಂಕು ನಗ್ಗಿತು, ದೀಪ ಪುಡಿಯಾಯಿತು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ.

ಹಿಂದಿನ ಬೀದಿಯ ಗ್ಯಾರೇಜಿನಲ್ಲಿ ತಮ್ಮ ಸಿಗುತ್ತಾರೆ. "ಟ್ಯಾಂಕ್ ತಟ್ಟಿ ಸರಿ ಮಾಡ್ಕೊಂಡೆ ಮೇಡಂ, ಅದೇನು ದೊಡ್ಡದಲ್ಲ. ಯಾರ್ಯಾರದೋ ಗಾಡಿಗೆ ನಾಲ್ಕು, ನಂದಕ್ಕೆ ಎರಡು. ಅದು ಮಾತ್ರ ಮನಸ್ಸಿಂದ ಹೋಗ್ತಿಲ್ಲ."

ಭಾನುವಾರ ಅವರು ಸಂಸಾರ ಸಮೇತ ದೂರದ ಊರಿಗೆ ಹೊರಡುತ್ತಿದ್ದಾರೆ. ಸಾಮಾನೆಲ್ಲ ಲಾರಿಯಲ್ಲಿ, ಆ ಬೈಕು ಮಾತ್ರ ಅವರೇ ಓಡಿಸಿಕೊಂಡು ಹೋಗುತ್ತಾರಂತೆ. ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳೋಣ ಅನ್ನಿಸುತ್ತದೆ. ಮತ್ತೆ ಅಂಗಳಕ್ಕೆ ಬರುತ್ತೇನೆ.

ವಿಷಯ ಬೆಲ್ಟಣ್ಣನಿಗೂ ಗೊತ್ತು. "ಸೊಂಟ ನೋವಿರೋನು, ಅಷ್ಟು ದೂರ ಓಡಿಸ್ತಾನಂತೆ. ನನ್ನ ಕೈಗೆ ಕೊಡಬಾರ್ದು ಅಂತ ತಾನೇ?" ಕಣ್ಣು ಒರೆಸಿಕೊಳ್ಳುತ್ತಾರೆ. "ಭಾನುವಾರ ಟ್ರೇಲರ್ ಖಾಲಿ ಇಟ್ಟಿರ್ತೀನಿ ಮೇಡಂ. ಪ್ರೀತಿಯಿಂದ ಮಾತಾಡಿಸ್ದಿದ್ರೂ ಪರವಾಗಿಲ್ಲ. ಎದುರಿಗೆ ನಿಂತ್ಕೊಂಡು ಬೈಲಿ. ಅವನು ಸಾಕು ಅನ್ನೋವರೆಗೂ ಬೆಲ್ಟು ಬಿಗೀತೀನಿ."