ಹಸಿರು ಕುಬುಸಕ್ಕೆ ನೀಲಿ ಗಿಡ

ಬಣ್ಣವೆಂದರೆ ನನಗೆ ಹೇಸಿಗೆ. ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ವಾರದಲ್ಲೇ ಅದು ಶುರುವಾಯಿತು. ನನ್ನ ಗಂಡನಿಗೆ ಆಗ ಇಲ್ಲಿನ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸ. ಡ್ಯೂಟಿ ಮುಗಿಸಿ ಬಂದರೆ ಹುಳಿತು ಕೊಳೆತ, ಮೂಗು ಸುಡುವ ಒಂದು ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ಅವರು ಸ್ನಾನ ಮಾಡಿದರೆ ಬಚ್ಚಲಲ್ಲಿ ಒಂದು ದಿನ ನೇರಳೆ ನೀರು, ಇನ್ನೊಂದು ದಿನ ಹಳದಿ. ದಿಂಬಿನ ಕವರಿಗೂ ಬಣ್ಣ. ಅನ್ನ ಕಲಸುವ ಅವರ ಉಗುರು ನೋಡಿ ಎಷ್ಟೋ ಸಲ ನಾನು ತಟ್ಟೆ ಬಿಟ್ಟು ಎದ್ದಿದ್ದೇನೆ. ಮಗಳು ಮಾತ್ರ ಬಾಗಿಲ ಸದ್ದಾದರೆ ಓಡಿಹೋಗಿ ಅವರ ಕಾಲಿಗೆ ಜೋತುಬೀಳುತ್ತಿದ್ದಳು. "ಮೊದ್ಲ ಮೈ ತೊಳಕೋರಿ!" ಎಂದು ಕೂಗುತ್ತ ನಾನು ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದೆ.

ಅವರು ರಿಟೈರ್ ಆದ ಮೇಲೆ ಮನೆಯ ಗೋಡೆಗೆಲ್ಲ ಸುಣ್ಣ ಹೊಡೆಸಿದೆ, ಹಾಸಿಗೆ ಬದಲಿಸಿದೆ. ಆ ವಾಸನೆಯ ಪೀಡೆ ತೊಲಗಿತು. ಕಂಪೌಂಡಿನ ಹಿಂದೆ ಕಾರ್ಖಾನೆಗಳ ಕೊಳಚೆ ಹೊತ್ತ ನಾಲೆಯನ್ನೇನು ಮಾಡಲಿ? ಅದು ತನಗೆ ಬೇಕಾದ ಬಣ್ಣದಲ್ಲಿ, ಬೇಕಾದ ನೊರೆಯಲ್ಲಿ ಇಂದಿಗೂ ಹರಿಯುತ್ತಿದೆ.

ಐರೋಲಿಯಲ್ಲಿರುವ ಮಗಳು ಬಸುರಿಯಾದ ಸುದ್ದಿ ಬಂದಾಗ ನಾನು ಒಂದು ಹಟ ಹಿಡಿದೆ. ನಮ್ಮ ಕಡೆ ಬಸುರಿಗೆ ಕುಬುಸ ಮಾಡುತ್ತಾರೆ, ಸೀಮಂತದ ಹಾಗೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬುಸ ಕೊಡಬೇಕು. ಸೀರೆ ಅಂಗಡಿಯದೇ ಇರಲಿ, ಮೈಗೆ ಅಂಟುವ ಕುಬುಸಕ್ಕಾದರೂ ಕಾರ್ಖಾನೆಯ ಬಣ್ಣ ಬೇಡ ಅನ್ನಿಸಿತು. ಒಳಗೆ ಒಂದು ಕೂಸು ಇರುವ ಮೈ ಅದು. ನೀಲಿ ಗಿಡದ ನೀಲಿ, ಅರಿಶಿನದ ಹಳದಿ ಸೇರಿದರೆ ಹಸಿರು. ಊರಿನಿಂದ ಅಕ್ಕನ ಕೈಲಿ ನೀಲಿ ಬೀಜ ತರಿಸಿ ನಮ್ಮ ನೆಲಮಹಡಿಯ ಹಿಂದಿನ ತುಂಡು ನೆಲದಲ್ಲಿ ಬಿತ್ತಿದೆ.

ಗಿಡ ನೋಡಲು ಚೆಂದ, ಸಣ್ಣ ಎಲೆ, ಗುಲಾಬಿ ಬಣ್ಣದ ಹೂ. ಆದರೆ ಆ ಎಲೆಯ ಮೇಲೆ ದಿನಾ ಕೂರುವ ಮಸಿ! ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಕರಿ ಜಿಗುಟು. ಇದನ್ನೇ ನಾವು ಉಸಿರಾಡುತ್ತೇವೆ ಎಂದುಕೊಂಡು ಆ ಬಟ್ಟೆಯನ್ನು ದೂರ ಎಸೆಯುತ್ತಿದ್ದೆ.

ಹೂ ಬಿಡುವ ಹೊತ್ತಿಗೆ ಸೊಪ್ಪು ಕೊಯ್ದು ಡ್ರಮ್ಮಿನಲ್ಲಿ ನೆನೆಹಾಕಿದೆ. ಕೊಳೆತರೇ ಬಣ್ಣ ಬಿಡುವುದು. ಮೇಲೆ ಲೋಳೆ ಕಟ್ಟಿತು, ಗುಳ್ಳೆ ಎದ್ದಿತು. ಸೊಪ್ಪು ತೆಗೆದು ಸುಣ್ಣ ಹಾಕಿ ಬಡಿದೆ, ತಳದಲ್ಲಿ ನೀಲಿ ನಿಂತಿತು. ಅದಕ್ಕೆ ಬೆಲ್ಲ, ಮತ್ತೆ ಸುಣ್ಣ ಸೇರಿಸಿ ಹುಳಿಯಲು ಬಿಟ್ಟೆ. ಆಗ ಎದ್ದ ನಾತ, ಏನು ಹೇಳಲಿ! ಸೆರಗು ಮೂಗಿಗೆ ಕಟ್ಟಿಕೊಂಡು ಕಲಕುತ್ತಿದ್ದೆ.

ಮೇಲಿನ ಮನೆಯ ಯಜಮಾನರು ಇಳಿದು ಬಂದರು. ಉಡುಪಿ ಕಡೆಯವರು, ಹೋಟೆಲು ಮಗನಿಗೆ ಬಿಟ್ಟು ಈಗ ನಮ್ಮ ಬಿಲ್ಡಿಂಗಿನ ಸೊಸೈಟಿ ನೋಡಿಕೊಳ್ಳುತ್ತಾರೆ.

"ಅಕ್ಕ, ಇದೆಂತದು ಮಾರಾಯ್ರೆ, ಅನ್ನ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ."

"ಹಿಂದಿನ ನಾಲಾ ನಾರೂದು ನಿಮ್ಮ ಮೂಗಿಗೆ ಮುಟ್ಟಂಗಿಲ್ಲೇನ್ರಿ?"

"ಅದು ದಿನಾ ಉಂಟಲ್ಲ," ಎಂದರು ಅವರು, ಬಹಳ ಸಮಾಧಾನದಿಂದ.

ಆ ಮಾತಿಗೆ ನನಗೆ ಡ್ರಮ್ಮಿಗಿಂತ ಹೆಚ್ಚು ಅಸಹ್ಯವಾಯಿತು. ಆದರೂ ಮುಚ್ಚಳದ ಮೇಲೆ ಗೋಣಿ ಹೊದಿಸಿದೆ.

ಕುಬುಸದ ಹಿಂದಿನ ವಾರ ಬಿಳಿ ಕೈಮಗ್ಗದ ಬಟ್ಟೆಯನ್ನು ಮೊದಲು ಅರಿಶಿನದಲ್ಲಿ ಕುದಿಸಿದೆ. ಬಂಗಾರದಂಥ ಹಳದಿ. ಅದನ್ನು ಡ್ರಮ್ಮಿನಲ್ಲಿ ಅದ್ದಿ ಎತ್ತಿದರೆ ಹೆಪ್ಪುಗಟ್ಟಿದ ರಕ್ತದ ಬಣ್ಣ! ಬಸುರಿಯ ಮೈಮೇಲಿನ ಬಟ್ಟೆ ಅದು. ಅದನ್ನು ಕಲ್ಲಿನ ಮೇಲೆ ಬಿಟ್ಟು ದೂರ ಸರಿದೆ. ಸ್ವಲ್ಪ ಹೊತ್ತಿಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹುಟ್ಟಿದಾಗಿನಿಂದ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಾರತಿ ಕಲಸಿದ ಕೈ ಇದು. ಎಷ್ಟು ಮದುಮಕ್ಕಳಿಗೆ ಇಳಿ ತೆಗೆದಿಲ್ಲ? ಡ್ರಮ್ಮಿನ ತುಂಬ ಸುಣ್ಣ ಸುರಿದವಳೂ ನಾನೇ. ಆರತಿ ನೀರು ಸೀರೆಗೆ ಸಿಡಿದರೆ ನಮ್ಮವ್ವ ನಿಂಬೆಹಣ್ಣು ತಿಕ್ಕುತ್ತಿದ್ದದ್ದು ನೆನಪಾಯಿತು. ನಿಂಬೆರಸದ ನೀರಿನಲ್ಲಿ ಬಟ್ಟೆ ಜಾಲಿಸಿದೆ. ಕೆಂಪು ಹಿಂದೆ ಸರಿದು ಹಸಿರು ಬಂತು. ಅಲ್ಲಲ್ಲಿ ಪಾಚಿಯ ಹಾಗೆ, ಆದರೂ ಹಸಿರು.

ಒಣಗಿಸಿ ಕುಬುಸ ಹೊಲಿಸಿದೆ. ನಾತ ಮಾತ್ರ ಹೋಗಲಿಲ್ಲ. ಸೀಗೆಕಾಯಿಯಲ್ಲಿ ತೊಳೆದೆ, ಊದಿನ ಹೊಗೆ ಹಿಡಿದೆ, ಜಗ್ಗಲಿಲ್ಲ. ಮಗಳಿಗೋ ತಿಂಗಳು ಏರಿದರೂ ವಾಂತಿ ನಿಂತಿರಲಿಲ್ಲ. ಒಗ್ಗರಣೆ, ಸೋಪು, ಟ್ರೇನಿನ ಗರ್ದಿ, ಎಲ್ಲದಕ್ಕೂ ಓಕರಿಕೆ. ಈ ಹೊಲಸನ್ನು ಅವಳು ಮೈಮೇಲೆ ಹಾಕಿಕೊಂಡಾಳೆಯೇ? ಅಂಗಡಿಯದೊಂದು ಹಸಿರು ಕುಬುಸವನ್ನೂ ತಂದು ಬೀರುವಿನಲ್ಲಿ ಇಟ್ಟೆ.

ಕುಬುಸದ ದಿನ ಹೆಂಗಸರೆಲ್ಲ ಸುತ್ತ ಕೂತಿದ್ದರು. ಮಗಳು ತಟ್ಟೆಯಿಂದ ಕುಬುಸ ಎತ್ತಿ ನೇರ ಮೂಗಿಗೇ ಹಿಡಿದಳು. ನಾನು ಬೋಗುಣಿ ಹಿಡಿದು ಸಿದ್ಧಳಾಗಿ ನಿಂತೆ. ವಾಂತಿ ಬರಲಿಲ್ಲ. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು.

"ಮಮ್ಮೀ, ಹ್ಯಾಲಾ ಪಪ್ಪಾಂಚಾ ವಾಸ್ ಯೇತೋ," ಎಂದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳ ಉತ್ತರ ಯಾವಾಗಲೂ ಮರಾಠಿಯೇ. ಇದಕ್ಕೆ ಅಪ್ಪನ ವಾಸನೆ ಬರುತ್ತದಂತೆ. ಡ್ಯೂಟಿ ಮುಗಿಸಿ ಬಾಗಿಲಲ್ಲಿ ನಿಂತ ಅಪ್ಪನ ವಾಸನೆ.

ನಾನೂ ಮೂಸಿದೆ. ಅದೇ. ಸಂದೇಹವಿಲ್ಲ, ಅದೇ ದರಿದ್ರ ವಾಸನೆ.

"ನೋಡಿದೇನು?" ಎಂದು ನನ್ನ ಗಂಡ ಸೋಫಾದಲ್ಲಿ ಕೂತು ಹಲ್ಲು ಕಿಸಿದರು. ಇಷ್ಟು ವರ್ಷ ತಿಕ್ಕಿ ತೊಳೆದು ಹೊರಗೆ ಅಟ್ಟಿದ್ದನ್ನು ನಾನೇ ಬಿತ್ತಿ, ನೀರೆರೆದು, ಕೊಳೆಸಿ ಮಗಳ ಮೈಗೆ ತೊಡಿಸಿದ್ದೆ. ಅವಳು ಅದನ್ನು ತೊಟ್ಟು ಕೂತಳು, ಎಷ್ಟೋ ತಿಂಗಳ ಮೇಲೆ ಒಂದಿಡೀ ಹೋಳಿಗೆ ತಿಂದಳು. ಬದಲಿಸಲು ಬಿಡಲಿಲ್ಲ, ತೊಳೆಯಲೂ ಬೇಡವಂತೆ.

ನಾನು ಉಸಿರು ಬಿಗಿಹಿಡಿದು ಅವಳಿಗೆ ಕೆಂಪಾರತಿ ಎತ್ತಿದೆ.