ಉಣ್ಣಾಕೋ, ಕೊಡಾಕೋ?

ಅಕ್ಕಿ ವ್ಯಾಪಾರಿ ಮೂಟೆಯ ಬಾಯಿ ಬಿಚ್ಚುವುದಿಲ್ಲ. ಪಕ್ಕಕ್ಕೆ ಕೊಳವೆ ಚುಚ್ಚಿ, ನಾಲ್ಕು ಕಾಳು ಅಂಗೈಗೆ ಉದುರಿಸಿ, ಒಂದನ್ನು ಹಲ್ಲಿಗಿಟ್ಟು ಇಡೀ ಮೂಟೆಯ ಜಾತಕ ಹೇಳುತ್ತಾನೆ. ಪಂಪಾವತಿ ಟೀಚರನ್ನು ಹಾಗೆ ಪರೀಕ್ಷೆ ಮಾಡಿದರೆ: ವಯಸ್ಸು ಮೂವತ್ತೊಂದು, ತೂಕ ಒಂದು ಮೂಟೆಗೆ ತುಸು ಕಡಿಮೆ, ಎಮ್ಮಿಗನೂರಿನ ಮಾಲು. ತೇವ ಇಲ್ಲ, ಪಾಲಿಶ್ ಇಲ್ಲ, ಅಲ್ಲಲ್ಲಿ ಕಲ್ಲು. ಕಲ್ಲಿರುವ ಮಾಲಿಗೆ ಹೊಸಪೇಟೆಯಲ್ಲಿ ಗಿರಾಕಿ ಕಡಿಮೆ. ಹಾಗಾಗಿ ಮೂರು ವರ್ಷದಿಂದ ಅವರು ಇಲ್ಲಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ತಾತ್ಕಾಲಿಕವಾಗಿಯೇ ಸಮಾಜ ವಿಜ್ಞಾನ ಕಲಿಸುತ್ತಿದ್ದರು.

ಅವರಿಗಿದ್ದ ಆಸೆ ಒಂದೇ. ಕೆಲಸ ಕಾಯಂ ಆದರೆ ಎಮ್ಮಿಗನೂರಿನಲ್ಲಿ ಇನ್ನೂ ಕೂಲಿಗೆ ಭತ್ತ ನಾಟಿ ಮಾಡುತ್ತಿರುವ ಅವ್ವ ಜಂಬವ್ವನನ್ನು ಕೆಸರಿನಿಂದ ಎತ್ತಿ ತಂದು ತಮ್ಮ ಬಾಡಿಗೆ ಕೋಣೆಯಲ್ಲಿ ಕೂರಿಸುವುದು. ಜಂಬವ್ವನ ಮೊಣಕಾಲು ಇನ್ನೊಂದು ನಾಟಿಗೆ ಒಲ್ಲೆ ಎನ್ನುತ್ತಿತ್ತು. ಕಾಯಂ ಆಗುವುದು ಶಾಲೆಯ ಅಧ್ಯಕ್ಷ ಮನೋಹರ್ ಅವರ ಒಂದು ಸಹಿಯ ಮೇಲೆ ನಿಂತಿತ್ತು.

ಮನೋಹರ್ ಅವರದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಮಿಲ್ಲಿಗೆ ಹೊಸ ಯಂತ್ರ ನೋಡಲು ಸಿಂಗಾಪುರಕ್ಕೆ ಹೋದವರು ಯಂತ್ರದ ಬದಲು ಜಗತ್ತಿನ ಬಡತನವನ್ನು ತೆಗೆದುಕೊಂಡು ಬಂದರು. ಅದನ್ನು ವಿಮಾನದೊಳಗಿನ ಟಿವಿಯಲ್ಲಿ ನೋಡಿದರಂತೆ.

“ಟೀಚರ್ರ, ನಮ್ಮ ಹುಡುಗ್ರಿಗೆ ಬಡತನ ಅಂದ್ರೇನು ಗೊತ್ತಾಗಬೇಕ್ರಿ. ವರ್ಲ್ಡ್ ಲೆವೆಲ್‌ದು, ಇಲ್ಲಿನ ಚಿಲ್ಲರೇದಲ್ಲ. ಒಂದು ವಾರ ಸಿಂಪಲ್ ಲಿವಿಂಗ್ ಮಾಡಿಸ್ರಿ, ಲಾಸ್ಟಿಗೆ ದಾನ. ಮಸ್ತ್ ಆಗಬೇಕು. ಅವತ್ತೇ ನಿಮ್ಮ ಆರ್ಡರಿಗೆ ಸೈನ್ ಹಾಕಿಬಿಡ್ತೀನಿ.”

ಹೀಗೆ ಅಕ್ಟೋಬರಿನಲ್ಲಿ ಸರಳ ಬದುಕಿನ ಸಪ್ತಾಹ ಶುರುವಾಯಿತು. ಸೋಮವಾರ ಮಕ್ಕಳೆಲ್ಲ ಸರಳ ಉಡುಪಿನಲ್ಲಿ ಬರಬೇಕಿತ್ತು. ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲವಾಗಿ ಎಲ್ಲರೂ ಕೊಂಡರು. ಸರಳತೆ ಇಷ್ಟು ತುಟ್ಟಿ ಎಂದು ಊರಿಗೆ ತಿಳಿದದ್ದು ಆಗಲೇ. ಮಂಗಳವಾರ ಮಕ್ಕಳನ್ನು ಎ.ಸಿ. ಬಸ್ಸಿನಲ್ಲಿ ಹಂಪಿ ಬಜಾರಿಗೆ ಒಯ್ದು, ಕಲ್ಲುಮಂಟಪದ ನೆಲದ ಮೇಲೆ ಮುಖ ಸಣ್ಣದು ಮಾಡಿಸಿ ಕೂರಿಸಿ ಫೋಟೊ ತೆಗೆಸಲಾಯಿತು. ಒಬ್ಬ ವಿದೇಶಿ ಪ್ರವಾಸಿ ನಿಜವೆಂದೇ ನಂಬಿ ಎಲ್ಲರಿಗೂ ಬಿಸ್ಕೀಟು ಹಂಚಿದ. ಬುಧವಾರ ಭೂಪಟದಲ್ಲಿ ಬಡ ದೇಶಗಳಿಗೆ ಕೆಂಪು ಬಣ್ಣ. ಏಳನೇ ಕ್ಲಾಸಿನ ಕಾವ್ಯ ಎದ್ದು ನಿಂತಳು.

“ಮಿಸ್, ಹೊಸಪೇಟಿ, ಸಂಡೂರಿಗೆ ಯಾವ ಬಣ್ಣ ಹಚ್ಚಬೇಕು?”

ಪಂಪಾವತಿ ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. ಮನೋಹರ್ ಕಳಿಸಿದ್ದ ಮಾದರಿ ಭೂಪಟದ ಪ್ರಕಾರ ಕೆಂಪು ಬಣ್ಣ ಸಮುದ್ರದಾಚೆಗೇ ಮುಗಿಯುತ್ತಿತ್ತು. ಸಂಡೂರಿನ ಕಡೆ ಏನಾದರೂ ಕೆಂಪು ಕಂಡರೆ ಅದು ಅದಿರಿನ ಧೂಳು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಗುರುವಾರ ಪ್ರತಿ ಮಗುವೂ ಐದು ಕಿಲೋ ಅಕ್ಕಿ ತರಬೇಕು. ಅದು ಸಂಡೂರು ಕಡೆಯ ಬಂಡ್ರಿಯಲ್ಲಿ ಗಣಿ ಕೂಲಿಗಳ ಮಕ್ಕಳಿರುವ ಹಾಸ್ಟೆಲಿಗೆ. ಹಿಂದಿನ ದಿನ ಸಂಜೆ ಟೀಚರೂ ತಮ್ಮ ಪಾಲಿನ ಐದು ಕಿಲೋ ಕೊಳ್ಳಲು ಅಂಗಡಿಗೆ ಬಂದರು. ಅಂಗಡಿ ನನ್ನದೇ, ಕಾವ್ಯ ನನ್ನ ಮಗಳು.

ಅಕ್ಕಿ ಕೇಳಿದವರನ್ನು ನಾವು ವಾಡಿಕೆಯಂತೆ ಕೇಳುವ ಮಾತೊಂದಿದೆ. ಅವರನ್ನೂ ಕೇಳಿದ್ದಾಯಿತು: “ಉಣ್ಣಾಕೋ, ಕೊಡಾಕೋ?”

“ಎರಡೂ ಬ್ಯಾರೆ ಬ್ಯಾರೆ ಇರ್ತಾವೇನ್ರಿ?”

ಇರುತ್ತವೆ. ಉಣ್ಣುವ ಅಕ್ಕಿ ಮುಂದೆ, ಹೆಸರಿನ ಚೀಟಿ ಸಮೇತ. ಕೊಡುವ ಅಕ್ಕಿ ಮೂಲೆಯಲ್ಲಿ, ಚೀಟಿ ಇಲ್ಲದೆ: ನುಚ್ಚು, ಮುಗ್ಗಲು, ಯಾರೂ ಎತ್ತದೆ ಉಳಿದದ್ದು. ಪುಣ್ಯ ಬೇಕು, ಖರ್ಚು ಬೇಡ ಎನ್ನುವ ಸಜ್ಜನರಿಗಾಗಿ ವ್ಯಾಪಾರ ಕಂಡುಕೊಂಡ ದಾರಿ. ಆ ವಾರ ಮೂಲೆಯ ಚೀಲಗಳು ಮೂರು ದಿನಕ್ಕೇ ಒಂದರ ಹೊರತು ಖಾಲಿಯಾಗಿದ್ದವು.

ಟೀಚರ್ ಉಳಿದಿದ್ದ ಆ ಚೀಲದಿಂದ ಒಂದು ಹಿಡಿ ತೆಗೆದು ಮೂಸಿ ವಾಪಸು ಹಾಕಿದರು. “ನಮ್ಮ ಅವ್ವ ಅನ್ನಕ್ಕಿಡೋ ಮುಂಚೆ ಒಂದು ಹಿಡಿ ಭಿಕ್ಷಕ್ಕ ಬರೋ ಅಯ್ಯನೋರಿಗೆ ಅಂತ ತೆಗದಿಡ್ತಾಳ್ರಿ. ಅದೇ ಗಡಿಗಿಂದ. ಇನ್ನೊಂದು ಗಡಿಗಿ ನಮ್ಮನ್ಯಾಗ ಇಲ್ಲ.” ಉಣ್ಣುವ ಅಕ್ಕಿಯ ಚೀಲದಿಂದಲೇ ಐದು ಕಿಲೋ ಹಾಕಿಸಿಕೊಂಡು ಹೋದರು. ಅವರಲ್ಲಿದ್ದ ಕಲ್ಲು ನನ್ನ ಹಲ್ಲಿಗೆ ಸಿಕ್ಕಿದ್ದು ಅಲ್ಲೇ. ಆದರೆ ವ್ಯಾಪಾರದ ಹೊತ್ತಿನಲ್ಲಿ ಯಾರು ಉಗುಳುತ್ತಾ ಕೂರುತ್ತಾರೆ.

ಶುಕ್ರವಾರ ಸಮಾರೋಪ. ವೇದಿಕೆಯ ಮೇಲೆ ಮಕ್ಕಳು ತಂದ ಚೀಲಗಳು, ಅವುಗಳ ಮುಂದೆ ಮನೋಹರ್ ಮಿಲ್ಲಿನ ಹೆಸರು ಹೊತ್ತ ಹತ್ತು ಮೂಟೆ, ಹಿಂದೆ ಬ್ಯಾನರು. ಕೆಳಗೆ ಚಾಪೆಯ ಮೇಲೆ ದಾನಿಗಳು, ತಂದೆತಾಯಿಗಳು, ಮಕ್ಕಳು ಒಟ್ಟಿಗೆ ಕೂತು ಬರೀ ಅನ್ನ ಸಾರು ಉಣ್ಣುವ ಸರಳ ಭೋಜನ. ಅದಕ್ಕೆಂದು ಮನೋಹರ್ ನಂಬರ್ ಒನ್ ಸೋನಾ ಮಸೂರಿಯ ಒಂದು ಮೂಟೆಯನ್ನು ಬೇರೆಯಾಗಿ ಕಳಿಸಿದ್ದರು. ಸರಳತೆಗೂ ಒಂದು ಮಿತಿ ಬೇಕಲ್ಲ.

ಬೆಳಿಗ್ಗೆ ಅಡುಗೆಗೆ ನಿಂತವಳು ಶಾಲೆಯ ಆಯಾ ಊರಮ್ಮ, ಬಂಡ್ರಿಯವಳು. ಕೊಡುವ ಅಕ್ಕಿಯ ಮೂಲೆ ನೋಡಿ ಬಂದಿದ್ದ ಟೀಚರ್ ಅವಳನ್ನು ವೇದಿಕೆಯ ಮೂಟೆಗಳ ಹತ್ತಿರ ಕರೆದೊಯ್ದು ಮಿಲ್ಲಿನ ಒಂದು ಮೂಟೆ ಬಿಚ್ಚಿಸಿದರು.

ಊರಮ್ಮ ನಕ್ಕಳು. “ಇದು ನಮಗ ಗುರುತಿನ ಅಕ್ಕಿ ರೀ. ಎರಡು ಸಲ ತೊಳದ್ರ ಹುಳ ಹೋಗ್ತಾವ. ಮೂರನೇ ಸಲ ತೊಳದ್ರ ಅಕ್ಕೀನೂ ಹೋಗ್ತೈತಿ.”

“ಎರಡೇ ಸಲ ತೊಳದು ಅನ್ನಕ್ಕಿಡು. ಸೋನಾ ಮಸೂರಿ ಹಂಗ ಇರಲಿ.”

ಊರಮ್ಮನ ನಗು ನಿಂತಿತು. “ಟೀಚರ್ರ, ನಿಮ್ಮ ಆರ್ಡರಿಗೆ ಇವತ್ತ ಸೈನು. ನೆನಪೈತಿಲ್ಲೋ?”

ಪಂಪಾವತಿ ಟೀಚರ್ ಒಂದು ಗಳಿಗೆ ಮೂಟೆಯ ಹಗ್ಗ ಹಿಡಿದೇ ನಿಂತರು. ಕಣ್ಣ ಮುಂದೆ ಅವ್ವನ ಮೊಣಕಾಲು ಬಂದಿರಬೇಕು. “ಐತಿ. ನೀರು ಕುದ್ಯಾಕ ಬಂತು, ಹೋಗು.”

ಭಾಷಣ ಮುಗಿದು ಎಲೆ ಬಿದ್ದವು. ಮನೋಹರ್ ಮೊದಲ ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿಕೊಂಡು ಒಂದು ಕಾಳು ಅಗಿದು ಊರು, ವರ್ಷ ಹೇಳಬಲ್ಲ ಮನುಷ್ಯ. ಮುಖ ಕೆಂಪಾಯಿತು.

“ಯಾವ ಕಳ್ಳ ಕೊಟ್ಟಾನ್ರಿ ಈ ಅಕ್ಕಿ? ಎರಡು ವರ್ಷದ ಮುಗ್ಗಲು ಮಾಲು! ದನ ಮೂಸಂಗಿಲ್ಲ, ಮನುಷ್ಯಾರಿಗೆ ಹಾಕ್ತಾರೇನ್ರಿ ಇದನ್ನ?”

ಸೌಟು ಹಿಡಿದಿದ್ದ ಟೀಚರ್ ಮೆಲ್ಲಗೆ ಹೇಳಿದರು: “ವೇದಿಕೆ ಮ್ಯಾಲಿನ ಮೂಟಿದ್ರಿ ಸಾರ್. ನಿಮ್ಮ ಮಿಲ್ಲಿಂದು. ನಾಳಿ ಬಂಡ್ರಿ ಹುಡುಗ್ರಿಗೆ ಹೋಗೋದು. ಕೊಡೋರು ಒಂದು ತುತ್ತು ರುಚಿ ನೋಡ್ಲಿ ಅಂತ ಹಾಕ್ಸಿದೆ.”

ತುತ್ತು ಬಾಯಿಗಿಟ್ಟಿದ್ದವರೆಲ್ಲ ಎಲೆಯಂಚಿಗೆ ಉಗುಳಿದರು. ಕಾವ್ಯ ಮಾತ್ರ ಕೇಳಿಯೇಬಿಟ್ಟಳು: “ಅಂದ್ರ ಮಿಸ್, ನಾವು ಉಗುಳಿದ್ದನ್ನ ಅವರು ಉಣ್ಣಬೇಕಾ?”

ಮನೋಹರ್ ಸುತ್ತ ನೋಡಿದರು. “ನನ್ನೊಬ್ಬಂದೇ ಏನು? ಎಲ್ಲಾರ ಚೀಲಾನೂ ಬಿಚ್ಚಿಸ್ರಿ! ನೀವೆಲ್ಲಾ ಎಲ್ಲಿಂದ ತಂದ್ರಿ, ಹೇಳ್ರಿ!”

ಮಾತು ನಿಜವೇ. ಆದರೆ ಎಲ್ಲರಿಗೂ ಆ ಹೊತ್ತಿಗೆ ಎಲೆಯ ಮೇಲೆ ಭಾಳ ಆಸಕ್ತಿ ಹುಟ್ಟಿತ್ತು. ಪಂಪಾವತಿ ಟೀಚರ್ ಒಮ್ಮೆ ಎರಡನೇ ಸಾಲಿನ ಕಡೆ ನೋಡಿದರು. ಅಲ್ಲಿ ಕೂತಿದ್ದ ಅಂಗಡಿಯವನು ಉಳಿದವರಿಗಿಂತ ಶ್ರದ್ಧೆಯಿಂದ ಎಲೆ ನೋಡುತ್ತಿದ್ದ.

ಶನಿವಾರ ಬಂಡ್ರಿಗೆ ಹೋದದ್ದು ನಂಬರ್ ಒನ್ ಸೋನಾ ಮಸೂರಿ, ಹತ್ತು ಮೂಟೆ. ಮಾನ ಉಳಿಸಿಕೊಳ್ಳಲು ಕಂಪ್ಲಿಯಿಂದ ಬೆಳಗಾಗುವುದರೊಳಗೆ ಲಾರಿ ಬಂದಿತ್ತು. ಜೊತೆಗೆ ಹೋಗಿದ್ದ ಊರಮ್ಮ ಬಂದು ಹೇಳಿದಳು: “ಹುಡುಗ್ರು ಅನ್ನ ನೋಡಿ, ಯಾರ ತಿಥಿ ಐತಿ ಅಂತ ಕೇಳಿದ್ವು.”

ಆರ್ಡರಿಗೆ ಸಹಿ ಬೀಳಲಿಲ್ಲ. ಶಿಸ್ತಿನ ಕೊರತೆ ಎಂದು ಕಾರಣ ಬರೆದಿದ್ದರು. ಟೀಚರ್ ನಾಲ್ಕನೇ ವರ್ಷವೂ ತಾತ್ಕಾಲಿಕ. ಜಂಬವ್ವ ಈ ಬೇಸಿಗೆ ಬೆಳೆಗೂ ಕೆಸರಿಗಿಳಿದಳು. ಈ ವರ್ಷ ಶಾಲೆಯ ಸಪ್ತಾಹದಲ್ಲಿ ಬಡತನವಿಲ್ಲ, ಬದಲಿಗೆ ಯೋಗ.

ನಮ್ಮ ಅಂಗಡಿಯ ಮೂಲೆ ಈಗ ಖಾಲಿ. ಭಾನುವಾರ ಗಲ್ಲೆಯ ಮೇಲೆ ಕೂರುವ ಕಾವ್ಯ, ಯಾರಾದರೂ “ಕೊಡಾಕ” ಎಂದರೆ “ಒಂದೇ ಐತ್ರಿ” ಎನ್ನುತ್ತಾಳೆ. ಅವಳಿಗೆ ಅದನ್ನು ಕಲಿಸಿದ್ದು ನಾನಲ್ಲ.

ಆವತ್ತು ಎರಡನೇ ಸಾಲಿನಿಂದ ಎದ್ದು “ಆ ಚೀಲಗಳನ್ನು ಮಾರಿದವನು ನಾನು” ಎಂದು ಹೇಳಬೇಕಿತ್ತು. ಹೇಳಲಿಲ್ಲ. ಪಂಪಾವತಿ ಟೀಚರಿಗೆ ಆ ಒಂದು ಮಾತು ನಾನು ಇನ್ನೂ ಬಾಕಿ ಇದ್ದೇನೆ.