ನನ್ನ ಮಣಿಕಟ್ಟಿನ ಅಳತೆಗೆ ಹಾರಿದ ವಿಮಾನ

ನಾನು ಓದಿದ್ದು ಎರಡನೇ ಕ್ಲಾಸು. ವಿಮಾನ ಹತ್ತಿದವಳಲ್ಲ. ಆದರೆ ಭದ್ರಾವತಿಯ ಮಾರ್ಕೆಟ್ಟಿನಲ್ಲಿ ಎರಡು ತಿಂಗಳು, ದಿನಾ ಮಧ್ಯಾಹ್ನ, ಕಂಪ್ಯೂಟರಿನಲ್ಲಿ ವಿಮಾನ ಓಡಿಸಿದ್ದೇನೆ.

ಬಸ್ಸಿಳಿಯುವಾಗ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಶಿವಮೊಗ್ಗದಲ್ಲಿ ಪ್ಲಾಸ್ಟರ್ ಬಿಚ್ಚಿದಾಗ ಕೈ ಒಣ ಕಟ್ಟಿಗೆಯಂತಾಗಿತ್ತು. ದಿನಾ ನಾಲ್ಕೂ ಕಡೆ ಬಗ್ಗಿಸಬೇಕು ಎಂದರು ಡಾಕ್ಟರು. ನೋವಿಗೆ ಹೆದರಿ ನಾನು ಬಗ್ಗಿಸಲಿಲ್ಲ. ತಕ್ಕಡಿ ಎತ್ತಲಾಗದಿದ್ದರೆ ತರಕಾರಿ ಅಂಗಡಿ ಮುಚ್ಚಿ, ಶಿವಮೊಗ್ಗದ ಗೋಪಾಳದಲ್ಲಿದ್ದ ಮಗಳ ಮನೆಯಲ್ಲಿ ಕೂರಬೇಕಿತ್ತು. ಮಗಳು ಒಳ್ಳೆಯವಳೇ. ಕೂತು ತಿನ್ನುವುದು ನನಗಾಗದು.

ಎದುರು ಅಂಗಡಿಯಲ್ಲಿ ಒಬ್ಬ ಭಾಯಿ ಟೀವಿ ರಿಪೇರಿ ಮಾಡುತ್ತಿದ್ದ. ಆಗ ತಾನೇ ಕಂಪ್ಯೂಟರನ್ನೂ ಶುರು ಮಾಡಿದ್ದ. ನಾನು ಎಡಗೈಯಲ್ಲಿ ತೂಗಲು ಹೋಗಿ ಬದನೆಕಾಯಿ ಚೆಲ್ಲಿದ್ದನ್ನು ನೋಡಿ ಕೂಗಿದ.

"ಅಮ್ಮಾ, ಆ ಬಲಗೈ ಏನು ಶೋಕೇಸಲ್ಲಿ ಇಡೋಕಾ? ಬನ್ನಿ ಇಲ್ಲಿ."

ಮೇಜಿನ ಮೇಲೆ ಬಸ್ಸಿನ ಗೇರಿನಂಥ ಒಂದು ಹಿಡಿ ಇತ್ತು. ಜಾಯ್‌ಸ್ಟಿಕ್ ಅಂತೆ. ಪಕ್ಕಕ್ಕೆ ಬಗ್ಗಿಸಿದರೆ ಪರದೆಯ ಮೇಲಿನ ವಿಮಾನ ವಾಲುತ್ತದೆ, ಹಿಂದಕ್ಕೆ ಎಳೆದರೆ ಮೂತಿ ಎತ್ತುತ್ತದೆ. ನನ್ನ ಕೈ ಹಿಡಿಯನ್ನು ಒಂದಿಷ್ಟು ಅಲುಗಿಸಿತು, ಅಷ್ಟೇ. ವಿಮಾನ ನೆಟ್ಟಗೆ ಹೋಗಿ ಗುಡ್ಡಕ್ಕೆ ಬಡಿಯಿತು.

"ಅದು ನನ್ ಕೈ ಅಳತೆಗೆ ಸೆಟ್ ಆಗಿದೆ. ನಿಮ್ಮದಕ್ಕೆ ಹೊಸದಾಗಿ ಮಾಡ್ಬೇಕು," ಎಂದ.

ಪರದೆಯಲ್ಲಿ ಒಂದು ಚೌಕ ಬಂತು, ಅದರೊಳಗೆ ಕೂಡುವ ಲೆಕ್ಕದ ಗುರುತು. ಹಿಡಿ ಅಲುಗಿದಂತೆ ಗುರುತೂ ಓಡುತ್ತಿತ್ತು. ಮೊದಲು ಹಿಡಿಯನ್ನು ನಡುವೆ ನಿಲ್ಲಲು ಬಿಡಬೇಕು, ಆಮೇಲೆ ನಾಲ್ಕೂ ಕಡೆ ಕೊನೆಯ ತನಕ ತಿರುಗಿಸಬೇಕು. ಜೀವಮಾನವೆಲ್ಲ ಬರಿ ತಕ್ಕಡಿಯನ್ನು ಎತ್ತಿ ಹಿಡಿದು ಮುಳ್ಳು ನಿಲ್ಲಿಸಿದವಳು ನಾನು. ಇಲ್ಲೂ ಹಿಡಿದೇ ನಿಲ್ಲಿಸಿದೆ. ಸೆಟೆದ ಕೈ ಬಲಕ್ಕೆ ವಾಲಿತ್ತು. ಕಂಪ್ಯೂಟರು ಅದನ್ನೇ ನಡು ಎಂದುಕೊಂಡಿತು. ಕೈ ಬಿಟ್ಟರೆ ವಿಮಾನ ಎಡಕ್ಕೆ ವಾಲಿ ಸುತ್ತುತ್ತಲೇ ಇತ್ತು.

"ಇದೇನು ಮಾರಾಯ, ಗಾಣದ ಎತ್ತು?"

"ತೂಕ ಹಾಕ್ತಿಲ್ಲಮ್ಮ ನೀವು. ಕೈ ಬಿಡಿ, ಅದೇ ನಿಲ್ಲುತ್ತೆ."

ಬಿಟ್ಟೆ. ಸರಿಯಾಗಿ ನಿಂತಿತು. ಆಮೇಲೆ ನೋವು ತಡೆಯುವಷ್ಟು ದೂರ ತಿರುಗಿಸಿದೆ. ನನ್ನ ಕೊನೆ ಎಲ್ಲಿತ್ತೋ ಅದನ್ನೇ ಕಂಪ್ಯೂಟರು ಕೊನೆ ಎಂದು ಒಪ್ಪಿಕೊಂಡಿತು. ಎರಡು ಬೆರಳಿನಷ್ಟು ಬಗ್ಗಿಸಿದರೂ ವಿಮಾನ ಪೂರ್ತಿ ವಾಲಿತು. ಅವತ್ತು ಗುಡ್ಡ ದಾಟಿಸಿದೆ.

ಐದಾರು ದಿನಕ್ಕೆ ಅದೇ ವಿಮಾನ ತಲೆಕೆಳಗಾಗತೊಡಗಿತು. "ಹಳೇ ಅಳತೆ ಸಾಲ್ತಿಲ್ಲ, ನಿಮ್ ಕೈ ಮುಂದೆ ಹೋಗಿದೆ," ಎಂದು ಮತ್ತೆ ಸೆಟ್ ಮಾಡಿದ. ಹೀಗೇ ವಾರ ವಾರ. ನೋವಾದಾಗಲೆಲ್ಲ ಅವನನ್ನು ಬೈದೆ.

"ಬೈಯಿರಿ, ತಿರುಗಿಸ್ತಾ ಬೈಯಿರಿ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ವಿಮಾನವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೆಲಕ್ಕಿಳಿಸಿದೆ. ಅವನು ಬೆಸುಗೆ ಕಡ್ಡಿ ಕೆಳಗಿಟ್ಟ.

"ಇವತ್ತು ನನ್ ಅಳತೆಗೇ ಇಟ್ಟಿದ್ದೆ. ಹೇಳಿರ್ಲಿಲ್ಲ."

ಮರುದಿನ ಎರಡು ಕೆಜಿ ಟೊಮೇಟೊ ಬಲಗೈಯಲ್ಲೇ ತೂಗಿದೆ. ಕೈ ಹಿಂದಕ್ಕೆ ಈಗಲೂ ಪೂರ್ತಿ ಬಗ್ಗುವುದಿಲ್ಲ. ತೂಗಲು ಅದು ಬೇಕಿಲ್ಲ. ಅಂಗಡಿ ಇನ್ನೂ ಎಂಟು ವರ್ಷ ನಡೆಸಿದೆ. ಅದು ಅವನಿಂದಾದದ್ದು. ಆಗ ಬೈದದ್ದೇ ಹೆಚ್ಚು, ಉಪಕಾರವಾಯಿತು ಎಂದು ಒಂದು ಸಲವೂ ಹೇಳಲಿಲ್ಲ. ಬಲಗೈಯಲ್ಲೇ ಇದನ್ನು ಬರೆಯುತ್ತಿದ್ದೇನೆ: ಉಪಕಾರವಾಯಿತು, ಭಾಯಿ.